ಹಾರುವ ಬಂಡಿಯ ಮಡಿಸುವ ಕಾಲು

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ವಿಮಾನದ ಗುಟ್ಟುಗಳಲ್ಲೊಂದು ಈ ಸೀಮೆಯ ಕಣಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಜನರ ಕಣ್ಣೆದುರಿಗೇ ನಡೆಯುತ್ತಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಶಹಾಪುರ, ಸುರಪುರಗಳ ಬಯಲಿನಲ್ಲಿ ಸುಗ್ಗಿಯ ಹೊತ್ತಿಗೆ ಭತ್ತ ತುಂಬಿದ ಟ್ರಾಲಿಯೊಂದು ಬಂದು ನಿಲ್ಲುತ್ತದೆ. ಟ್ರ್ಯಾಕ್ಟರಿನ ಚಾಲಕನು ಕುಳಿತಲ್ಲಿಂದಲೇ ಒಂದು ಸಣ್ಣ ಹಿಡಿಯನ್ನು ಎಳೆಯುತ್ತಾನೆ. ಟ್ರಾಲಿಯ ಮೂತಿ ನಿಧಾನವಾಗಿ ಮೇಲೇಳುತ್ತದೆ. ಕಾಳು ಸರ್ರನೆ ಹಿಂದಕ್ಕೆ ಸುರಿಯುತ್ತದೆ. ಇತ್ತ ಹತ್ತಿಯ ಜಿನ್ನಿಂಗ್ ಕಾರ್ಖಾನೆಯಲ್ಲಿ ಹಗುರಾದ ಅರಳೆಯ ರಾಶಿ ಯಂತ್ರದ ಒತ್ತಿಗೆ ಸಿಕ್ಕಿ, ಸುಮಾರು 170 ಕಿಲೋ ತೂಕದ ಗಟ್ಟಿ ಬೇಲಾಗಿ ಹೊರಬರುತ್ತದೆ. ಎರಡು ಕಡೆಯೂ ದುಡಿಯುವುದು ಕೊಳವೆಯೊಳಗಿನ ಎಣ್ಣೆ. ಅದೇ ಎಣ್ಣೆಯೇ ಆಕಾಶದಲ್ಲಿ ವಿಮಾನದ ಕಾಲನ್ನೂ ಮಡಿಸುತ್ತದೆ.

ವಿಮಾನಕ್ಕೆ ಕಾಲು ಮಡಿಸುವ ಅಗತ್ಯವಾದರೂ ಏನು? ನೆಲ ಬಿಟ್ಟೆದ್ದ ಪಾರಿವಾಳ ಕಾಲುಗಳನ್ನು ಹೊಟ್ಟೆಗೆ ಒತ್ತಿಕೊಳ್ಳುತ್ತದೆ. ಕೊಕ್ಕರೆ ಹಿಂದಕ್ಕೆ ನೀಡಿಕೊಳ್ಳುತ್ತದೆ. ಜೋತುಬಿದ್ದ ಕಾಲು ಗಾಳಿಗೆ ಅಡ್ಡ ನಿಲ್ಲುತ್ತದೆಂಬುದನ್ನು ಅವು ಬಲ್ಲವು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಆ ತಡೆಯನ್ನು ಗೆಲ್ಲಲು ಎಂಜಿನ್ನು ಎಂಟುಮಡಿ ಶಕ್ತಿಯನ್ನು ಒದಗಿಸಬೇಕಾಗುತ್ತದೆ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಅಷ್ಟೇನೂ ಕಾಡದ ಗಾಲಿ 300ರ ವೇಗದಲ್ಲಿ ದೊಡ್ಡ ಹೊರೆಯಾಗುವುದು ಹೀಗೆ.

1920ರ ಗಾರ್ಡನ್ ಬೆನೆಟ್ ಪಂದ್ಯದಲ್ಲಿ ಡೇಟನ್-ರೈಟ್ ಕಂಪನಿಯ ವಿಮಾನವೊಂದು ಗಾಲಿಗಳನ್ನು ಒಡಲೊಳಕ್ಕೆ ಸೆಳೆದುಕೊಂಡು ಹಾರಿತು. ಅದರ ಚಾಲಕನು ಹಿಡಿಯೊಂದನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಕರ್ನಾಟಕದಲ್ಲಿಯೂ ಈ ಬೆಳವಣಿಗೆಯ ಮೆಟ್ಟಿಲುಗಳನ್ನು ಕಾಣಬಹುದು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್.ಟಿ.-2 ತರಬೇತಿ ವಿಮಾನದ ಕಾಲುಗಳು ಮಡಿಯುತ್ತಿರಲಿಲ್ಲ. ಅಲ್ಲಿಯೇ ತಯಾರಾಗಿ 1964ರ ಸೆಪ್ಟೆಂಬರ್ 4ರಂದು ಹಾರಿದ ಕಿರಣ್ ಜೆಟ್ ವಿಮಾನದ ಕಾಲುಗಳನ್ನು ಹೈಡ್ರಾಲಿಕ್ ಎಣ್ಣೆಯೇ ಎತ್ತುತ್ತಿತ್ತು.

ಇವು ದೊಡ್ಡ ಕಾರ್ಖಾನೆಗಳ ಕೆಲಸಗಳಾದವು. ಹೊರದೇಶಗಳಲ್ಲಿ ಹವ್ಯಾಸಿಗಳು ಮನೆಯ ಪಕ್ಕದ ಕೊಟ್ಟಿಗೆಯಲ್ಲಿಯೇ ವರ್ಷಗಟ್ಟಲೆ ದುಡಿದು ಒಂದೆರಡು ಆಸನಗಳ ವಿಮಾನವನ್ನು ಕಟ್ಟಿಕೊಳ್ಳುವುದುಂಟು. ಅಮೆರಿಕದ ಬರ್ಟ್ ರುಟಾನರು ಅಂಥವರಿಗಾಗಿಯೇ ರಚಿಸಿದ ಲಾಂಗ್-ಈಜಿ ಎಂಬ ವಿಮಾನ 1979ರಲ್ಲಿ ಹಾರಿತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಅದನ್ನೇ ಆಧರಿಸಿ, ಗಾಜಿನೆಳೆಯ ಸಂಯುಕ್ತ ವಸ್ತುಗಳಿಂದ ಸಂಶೋಧನಾ ವಿಮಾನವೊಂದನ್ನು ಕಟ್ಟಿ 1987ರ ಫೆಬ್ರವರಿಯಲ್ಲಿ ಹಾರಿಸಿದರು. ಲಾಂಗ್-ಈಜಿಯ ಮುಖ್ಯ ಗಾಲಿಗಳೆರಡೂ ಸ್ಥಿರ. ಮಡಿಯುವುದು ಮೂತಿಯ ಗಾಲಿಯೊಂದೇ, ಅದೂ ಕೈಹಿಡಿ ಮತ್ತು ಹಲ್ಲುಚಕ್ರಗಳ ನೆರವಿನಿಂದ. ಚಾಲಕನು ಇಳಿದರೆ ವಿಮಾನ ಹಿಂದಕ್ಕೆ ವಾಲುವ ಭಯವಿರುವುದರಿಂದ, ನಿಲ್ಲಿಸುವಾಗಲೂ ಮೂತಿಯ ಗಾಲಿಯನ್ನು ಮಡಿಸಿ, ಎತ್ತು ಮೊಣಕಾಲೂರಿದಂತೆ ಅದನ್ನು ಬಗ್ಗಿಸಿಡುತ್ತಾರೆ.

ಇನ್ನೂ ವೇಗವನ್ನು ಬಯಸುವವರು ಲಾನ್ಸೇರ್ 320, ಗ್ಲಾಸೇರ್ 3 ಮುಂತಾದ ಮಾದರಿಗಳನ್ನು ಕಟ್ಟುತ್ತಾರೆ. ಇವುಗಳಲ್ಲಿ ಮೂರು ಗಾಲಿಗಳೂ ಮಡಿಯುತ್ತವೆ. ಮಡಿಸುವ ಕೆಲಸವನ್ನು ಎಣ್ಣೆಗೆ ಒಪ್ಪಿಸಲಾಗಿದೆ.

ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು ಫ್ರಾನ್ಸಿನ ಪಾಸ್ಕಲ್ ಹದಿನೇಳನೆಯ ಶತಮಾನದಲ್ಲಿ ತೋರಿಸಿದನು. ಇಂಗ್ಲೆಂಡಿನ ಬ್ರಾಮಾ 1795ರಲ್ಲಿ ಅದನ್ನೇ ಒತ್ತುಯಂತ್ರವಾಗಿಸಿ ಹಕ್ಕುಪತ್ರ ಪಡೆದನು. ಇಂದಿನ ಹತ್ತಿ ಬೇಲಿನ ಯಂತ್ರ ಅದರ ವಂಶದ್ದೇ. ವಿಮಾನದಲ್ಲಿ ಬ್ಯಾಟರಿಯಿಂದ ನಡೆಯುವ ಪುಟ್ಟ ಮೋಟಾರು ಒಂದು ಪಂಪನ್ನು ತಿರುಗಿಸುತ್ತದೆ. ಅದು ತೊಟ್ಟಿಯ ಎಣ್ಣೆಯನ್ನು ತೆಳು ಕೊಳವೆಗಳ ಮೂಲಕ ಪ್ರತಿಯೊಂದು ಕಾಲಿನ ಸಿಲಿಂಡರಿಗೂ ನೂಕುತ್ತದೆ. ಸಿಲಿಂಡರಿನೊಳಗಿನ ಪಿಸ್ಟನ್ನು ಸರಿದಾಗ, ಅದಕ್ಕೆ ಕೂಡಿಸಿದ ಕಾಲು ಮಡಿಯುತ್ತದೆ. ಮೋಟಾರು ಎದುರು ದಿಕ್ಕಿಗೆ ತಿರುಗಿದರೆ ಎಣ್ಣೆ ಪಿಸ್ಟನ್ನಿನ ಇನ್ನೊಂದು ಪಕ್ಕಕ್ಕೆ ಹೋಗಿ ಕಾಲು ಚಾಚಿಕೊಳ್ಳುತ್ತದೆ.

ಲೆಕ್ಕ ನೋಡಿದರೆ ಅಚ್ಚರಿಯಾಗುತ್ತದೆ. ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 70 ಕಿಲೋ ಎಂದಿಟ್ಟುಕೊಳ್ಳೋಣ. ಎರಡೂವರೆ ಸೆಂಟಿಮೀಟರ್ ವ್ಯಾಸದ ಪಿಸ್ಟನ್ನಿನ ಮುಖ ಐದು ಚದರ ಸೆಂಟಿಮೀಟರಿಗಿಂತ ತುಸು ಕಡಿಮೆ; ಅದರ ಮೇಲೆ ಬೀಳುವ ಬಲವಾದರೋ ಸುಮಾರು 340 ಕಿಲೋ. ಎರಡು ಹತ್ತಿ ಬೇಲುಗಳ ಭಾರಕ್ಕೆ ಸಮನಾದ ಬಲ ಮುಷ್ಟಿಯಲ್ಲಿ ಹಿಡಿಯಬಹುದಾದ ಸಿಲಿಂಡರಿನಲ್ಲಿ ಅಡಗಿದೆ! ಕಾಲು ಪೂರ್ತಿ ಮಡಿದು ಒತ್ತಡ ಏರಿದೊಡನೆ ಒಂದು ಸ್ವಿಚ್ಚು ಮೋಟಾರನ್ನು ತಾನಾಗಿ ನಿಲ್ಲಿಸುತ್ತದೆ. ಲಾನ್ಸೇರಿನಂಥ ವಿಮಾನಗಳಲ್ಲಿ ಕಾಲುಗಳನ್ನು ಮೇಲೆ ಹಿಡಿದಿಡುವುದೂ ಆ ಒತ್ತಡವೇ.

ಕೆಳಗಿಳಿದ ಕಾಲನ್ನು ಮಾತ್ರ ಎಣ್ಣೆಯೊಂದರ ನಂಬಿಕೆಗೆ ಬಿಡುವುದಿಲ್ಲ. ನೆಟ್ಟಗೆ ನಿಂತ ಮನುಷ್ಯನ ಮಂಡಿ ತುಸು ಹಿಂದಕ್ಕೆ ಸರಿದು ಬಿಗಿಯಾಗುವಂತೆ, ಕಾಲಿಗೆ ಆಧಾರವಾದ ಕೀಲುತೋಳು ನೇರವಾಗಿ, ನೇರವನ್ನೂ ಕೂದಲೆಳೆಯಷ್ಟು ದಾಟಿ ಕೂರುತ್ತದೆ. ಆಮೇಲೆ ಮೇಲಿನ ಭಾರ ಅದನ್ನು ಮಡಿಸುವುದಿಲ್ಲ, ಇನ್ನಷ್ಟು ಬಿಗಿಗೊಳಿಸುತ್ತದೆ. ಮೂರು ಕಾಲುಗಳೂ ಹೀಗೆ ಕೂತಾಗ ಚಾಲಕನ ಮುಂದೆ ಮೂರು ಹಸುರು ದೀಪಗಳು ಬೆಳಗುತ್ತವೆ. ಎರಡೇ ಬೆಳಗಿದರೆ ಇಳಿಯಲಾಗದು.

ಕೊಳವೆ ಒಡೆದು ಎಣ್ಣೆ ಸೋರಿಹೋದರೆ, ಅಥವಾ ಬ್ಯಾಟರಿ ಸತ್ತರೆ ಗತಿಯೇನು? ಈ ಯಂತ್ರದ ನಿಜವಾದ ಜಾಣತನವಿರುವುದು ಇಲ್ಲಿಯೇ. ಕಾಲನ್ನು ಎತ್ತಲು ಬಲ ಬೇಕು. ಇಳಿಸಲು ಬಲವಿಲ್ಲದೆಯೂ ಸಾಗುವಂತೆ ಅದನ್ನು ರಚಿಸಿರುತ್ತಾರೆ. ಎಣ್ಣೆ ಸೋರಿದರೆ ಕಾಲನ್ನು ಮೇಲೆ ಹಿಡಿದ ಒತ್ತಡವೇ ಇಲ್ಲದಾಗುತ್ತದೆ. ಎಣ್ಣೆಯಿದ್ದು ಪಂಪು ಕೆಟ್ಟರೆ, ಚಾಲಕನು ತುರ್ತು ಕವಾಟವೊಂದನ್ನು ತಿರುಗಿಸಿ ಪಿಸ್ಟನ್ನಿನ ಎರಡು ಪಕ್ಕಗಳ ಒತ್ತಡವನ್ನೂ ಸಡಿಲಗೊಳಿಸುತ್ತಾನೆ. ಹೇಗಾದರೂ ಕಾಲುಗಳು ತಮ್ಮ ತೂಕದಿಂದಲೇ ಕೆಳಗೆ ಬೀಳುತ್ತವೆ. ಹಿಂದಕ್ಕೆ ಮಡಿಯುವ ಮೂತಿಗಾಲಿ ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ, ಅದನ್ನು ನೂಕಲು ಗಟ್ಟಿ ಸ್ಪ್ರಿಂಗನ್ನೋ ಅನಿಲ ತುಂಬಿದ ನಳಿಗೆಯನ್ನೋ ಜೊತೆಗಿಡುತ್ತಾರೆ. ಯಾದಗಿರಿಯ ಬೇಸಿಗೆಯಂಥ ಬಿಸಿಲಿನಲ್ಲಿ ನಿಂತ ವಿಮಾನದ ಕೊಳವೆಗಳೊಳಗೆ ಎಣ್ಣೆ ಹಿಗ್ಗುತ್ತದೆ. ಹೆಚ್ಚಿದ ಒತ್ತಡವನ್ನು ಹೊರಬಿಡಲು ಮತ್ತೊಂದು ಕವಾಟವಿರುತ್ತದೆ.

ಯಂತ್ರ ಕೆಡದಿದ್ದರೂ ಮನುಷ್ಯ ಮರೆಯಬಹುದು. ಕಾಲಿಳಿಸದೆ ನೆಲ ಮುಟ್ಟಿದರೆ ಮೂತಿಯ ಪಂಖ ನೆಲಕ್ಕೆ ಬಡಿದು ಬಾಗುತ್ತದೆ. ಎಂಜಿನ್ನನ್ನೂ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ. ಆದ್ದರಿಂದ ಕಾಲು ಇಳಿಯದಿರುವಾಗ ಎಂಜಿನ್ನಿನ ವೇಗ ತಗ್ಗಿಸಿದರೆ ಎಚ್ಚರಿಕೆಯ ಸದ್ದು ಕೂಗುತ್ತದೆ. ನೆಲದ ಮೇಲೆ ನಿಂತಾಗ ಕೈ ತಪ್ಪಿ ಗುಂಡಿ ಒತ್ತಿದರೆ ಕಾಲು ಮಡಿಯದಂತೆ ತಡೆಯುವ ಸ್ವಿಚ್ಚೂ ಉಂಟು.

ಇಷ್ಟೆಲ್ಲ ಏರ್ಪಾಡು ತೂಕವನ್ನೂ ಖರ್ಚನ್ನೂ ಹೆಚ್ಚಿಸುತ್ತದೆ. ಅದೇ ಬೆಂಗಳೂರಿನ ಪ್ರಯೋಗಾಲಯದಿಂದ 1993ರಲ್ಲಿ ಹಾರಿದ ಎರಡು ಆಸನಗಳ ಹಂಸ ವಿಮಾನಕ್ಕೆ ಮಡಿಯದ ಕಾಲುಗಳೇ ಇವೆ. ಅದು ಕಲಿಯುವವರ ವಿಮಾನ. ದಿನಕ್ಕೆ ಹತ್ತಾರು ಸಲ ಇಳಿದು ಏರುವಂಥದು. ಅಲ್ಲಿ ತುಸು ವೇಗಕ್ಕಿಂತ ಸರಳತೆಯೇ ಹೆಚ್ಚಿನ ಲಾಭ.

ವೇಗವನ್ನೇ ಆರಿಸಿಕೊಂಡ ಹವ್ಯಾಸಿ ತಾನು ಕಟ್ಟಿದ ವಿಮಾನದಲ್ಲಿ ತಾನೇ ಕೂರುವವನು. ಪಕ್ಕದ ಆಸನದಲ್ಲಿ ಅವನ ಮನೆಯವರು ಕೂರುವವರು. ಆದ್ದರಿಂದ ಮೊದಲ ಹಾರಾಟಕ್ಕೆ ಮುಂಚೆ ಅವನು ವಿಮಾನವನ್ನು ಜಾಕುಗಳ ಮೇಲೆ ನಿಲ್ಲಿಸಿ, ಕೊಳವೆಗಳಲ್ಲಿ ಉಳಿದ ಗಾಳಿಯ ಗುಳ್ಳೆಗಳನ್ನು ಹೊರಹಾಕಿ, ಪ್ರತಿಯೊಂದು ಬೆಸುಗೆಯ ಬಳಿಯೂ ಎಣ್ಣೆಯ ಹನಿ ಜಿನುಗಿದೆಯೇ ಎಂದು ಬೆರಳಾಡಿಸಿ ನೋಡುತ್ತಾನೆ. ಕಾಲುಗಳನ್ನು ಮತ್ತೆ ಮತ್ತೆ ಮಡಿಸಿ ಇಳಿಸುತ್ತಾನೆ. ಕೊನೆಗೆ ಬೇಕೆಂದೇ ಮೋಟಾರನ್ನು ನಿಲ್ಲಿಸಿ ತುರ್ತು ಕವಾಟವನ್ನು ತೆರೆಯುತ್ತಾನೆ. ಮೂರು ಕಾಲುಗಳೂ ತಾವಾಗಿ ಬಿದ್ದು, ಮೂರು ಹಸುರು ದೀಪಗಳೂ ಬೆಳಗಿದ ಮೇಲೆಯೇ ಅವನು ಹಾರಲು ಸಿದ್ಧನಾಗುವುದು.