ಬರದ ಬರಹ: ವಿಜಯಪುರ ಸೀಮೆಯ ದಾಖಲೆ ಮತ್ತು ನೆನಪು

ಪ್ರಕೃತಿ ವಿಕೋಪಗಳನ್ನು ಕುರಿತ ಗ್ರಂಥಗಳೆಂದೊಡನೆ ನೆರೆ, ಬಿರುಗಾಳಿ, ಭೂಕಂಪಗಳ ವೃತ್ತಾಂತಗಳೇ ನೆನಪಿಗೆ ಬರುತ್ತವೆ. ಇವುಗಳಿಗೆ ಒಂದು ದಿನಾಂಕವಿರುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪವನ್ನಾಗಲಿ, 2009ರ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆಯನ್ನಾಗಲಿ ಒಂದು ಕಥನವಾಗಿ ಹೇಳಲು ಆದಿ ಅಂತ್ಯಗಳು ಸಿದ್ಧವಾಗಿಯೇ ದೊರೆಯುತ್ತವೆ. ಬರಕ್ಕೆ ಈ ಅನುಕೂಲವಿಲ್ಲ. ಅದು ಯಾವ ದಿನ ಬಂದಿತೆಂದು ಯಾರೂ ಹೇಳಲಾರರು. ವಿಜಯಪುರ ಸೀಮೆಯ ಮುಖ್ಯ ವಿಕೋಪ ಬರವೇ ಆಗಿರುವುದರಿಂದ ಇಲ್ಲಿನ ವಿಕೋಪ ಸಾಹಿತ್ಯ ಬಿಡಿ ಬಿಡಿಯಾಗಿ, ಬೇರೆ ಬೇರೆ ಹೆಸರುಗಳ ಬರಹಗಳಲ್ಲಿ ಚದುರಿಹೋಗಿದೆ. ಗ್ರಂಥಸೂಚಿಯಲ್ಲಿ ‘ಬರ’ ಎಂಬ ಶೀರ್ಷಿಕೆಯಡಿ ಮಾತ್ರ ಹುಡುಕುವ ಸಂಶೋಧಕನಿಗೆ ಅದು ಕಾಣದು.

ಲಿಖಿತ ಆಕರಗಳಲ್ಲಿ ಮೊದಲು ನೋಡಬೇಕಾದದ್ದು 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ ಬಿಜಾಪುರ ಸಂಪುಟ. ಅದರಲ್ಲಿ ಬರಗಳ ವೃತ್ತಾಂತ ಕೃಷಿಯ ಅಧ್ಯಾಯದೊಳಗೆ ಸೇರಿದೆ. ಜನರ ವಿವರಕ್ಕೆ ಬೇರೆಯದೇ ಅಧ್ಯಾಯವಿದೆ. ಈ ವಿಂಗಡಣೆ ಅರ್ಥಪೂರ್ಣವಾದುದು. ಆಡಳಿತದ ದೃಷ್ಟಿಯಲ್ಲಿ ಬರವು ಬೆಳೆಗೆ ಒದಗಿದ ಕೇಡು. ಅದರಿಂದ ಜನರಿಗೆ ಆದದ್ದನ್ನು ತಿಳಿಯಲು ಖಾನೇಷುಮಾರಿಯ ಅಂಕಿಗಳತ್ತ ತಿರುಗಬೇಕು. 1872ರಲ್ಲಿ ಎಂಟು ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ನಡುವೆ 1876–78ರ ಮಹಾಕ್ಷಾಮ ಹಾದುಹೋಗಿತ್ತು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂಬುದನ್ನು ಈ ಎರಡು ಅಂಕಿಗಳು ಬೇರ್ಪಡಿಸಿ ಹೇಳುವುದಿಲ್ಲ. ಅದೇ ಕ್ಷಾಮವನ್ನು ಕುರಿತು ವಿಲಿಯಂ ಡಿಗ್ಬಿ 1878ರಲ್ಲಿ ಪ್ರಕಟಿಸಿದ ಗ್ರಂಥ ಸರಕಾರದ ಪರಿಹಾರ ನೀತಿಯನ್ನೇ ವಿಚಾರಣೆಗೆ ಒಡ್ಡುತ್ತದೆ. ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ ರಿಚರ್ಡ್ ಟೆಂಪಲ್‌ನ ಕ್ರಮ ಆ ಕಾಲದಲ್ಲಿಯೇ ವಿವಾದವಾಗಿತ್ತು. ಗ್ಯಾಸೆಟಿಯರನ್ನು ಡಿಗ್ಬಿಯ ಪಕ್ಕದಲ್ಲಿಟ್ಟು ಓದದೆ ಅದರ ಅಂಕಿಗಳನ್ನು ಎತ್ತಿಕೊಳ್ಳುವ ರೂಢಿ ನಮ್ಮ ಜಿಲ್ಲಾ ಚರಿತ್ರೆಗಳಲ್ಲಿ ಹೆಚ್ಚಾಗಿದೆ.

ಜನರ ನೆನಪು ಅಂಕಿಗಿಂತ ಹೆಸರನ್ನು ಆಶ್ರಯಿಸುತ್ತದೆ. 1791–92ರ ಬರ ‘ಡೋಗಿ ಬರ’ವಾಗಿ ಉಳಿದಿದೆ. ಅದನ್ನು ತಲೆಬುರುಡೆಯ ಬರವೆಂದು ಅರ್ಥೈಸುತ್ತಾರೆ; ಹೂಳುವವರಿಲ್ಲದೆ ಬುರುಡೆಗಳು ನೆಲದ ಮೇಲೆಯೇ ಬಿದ್ದಿದ್ದವೆಂಬುದು ಐತಿಹ್ಯ. 1396ರಿಂದ ಹನ್ನೆರಡು ವರ್ಷ ಕಾಡಿತೆನ್ನಲಾದ ಬರಕ್ಕೆ ದುರ್ಗಾದೇವಿಯ ಹೆಸರು ಅಂಟಿದೆ. 1876ರ ಕ್ಷಾಮವನ್ನು ಮೈಸೂರು ಸೀಮೆಯವರು ಧಾತು, ಈಶ್ವರ ಸಂವತ್ಸರಗಳಿಂದ ಗುರುತಿಸಿದರು. ದೇವಿ, ಬುರುಡೆ, ಸಂವತ್ಸರ ಎಂಬ ಈ ಮೂರು ಬಗೆಯ ನಾಮಕರಣಗಳಲ್ಲಿ ಬರದ ಕಾರಣವನ್ನು ಕುರಿತ ಮೂರು ತಿಳುವಳಿಕೆಗಳು ಅಡಗಿರುವಂತೆ ತೋರುತ್ತದೆ. ಡೋಣಿ ನದಿಯ ಎರೆಭೂಮಿಯನ್ನು ಕುರಿತ ಗಾದೆಯೊಂದನ್ನೂ ಇಲ್ಲಿ ಗಮನಿಸಬೇಕು. ಡೋಣಿಯ ದಂಡೆ ಬೆಳೆದರೆ ಉಣ್ಣುವವರು ಸಾಲರು, ಬೆಳೆಯದಿದ್ದರೆ ಯಾರಿಗೂ ಉಣ್ಣಲು ಸಿಗದು ಎಂಬುದು ಅದರ ತಾತ್ಪರ್ಯ. ಈ ಸೀಮೆಯ ಕೃಷಿ ಚರಿತ್ರೆಯನ್ನು ಇಷ್ಟು ಸಂಕ್ಷೇಪವಾಗಿ ಹೇಳಿದ ಗ್ರಂಥ ಇನ್ನೊಂದಿರಲಾರದು.

ಆಚರಣೆಯಲ್ಲಿ ಉಳಿದ ಪಠ್ಯ ಗುರ್ಜಿಯದು. ಮಳೆ ತಡವಾದಾಗ ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನು ಮಾಡಿ, ಗರಿಕೆ ಚುಚ್ಚಿ, ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮನೆಯವರು ನೀರು ಸುರಿದು ಜೋಳವನ್ನೋ ಹಿಟ್ಟನ್ನೋ ನೀಡುತ್ತಾರೆ. ಇದನ್ನು ಮಳೆ ಬೇಡುವ ಆಚರಣೆಯೆಂದು ವರ್ಗೀಕರಿಸಿ ಮುಗಿಸುವುದುಂಟು. ಒಲೆಯ ಮೇಲಿರಬೇಕಾದ ಹಂಚು ತಲೆಯೇರಿದೆ ಎಂಬುದನ್ನು ಗಮನಿಸಿದರೆ ಅದು ಹಸಿವಿನ ಪಠ್ಯವೂ ಹೌದು. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನವನ್ನೂ ಈ ದೃಷ್ಟಿಯಿಂದ ಮತ್ತೆ ಓದಬೇಕಾಗಿದೆ. ತವರು, ಒಡಹುಟ್ಟು, ಮಗು, ದೈವಗಳ ಸುತ್ತ ಹರಡಿಕೊಳ್ಳುವ ಬೀಸುಕಲ್ಲಿನ ತ್ರಿಪದಿಗಳಲ್ಲಿ ಬರವು ಕಾಳಿನ ಅಳತೆಯಾಗಿ, ತವರಿನ ಸ್ಥಿತಿಗತಿಯಾಗಿ ಮರೆಯಲ್ಲಿ ಸುಳಿಯಬಹುದು. ಬೀಸುವ ಹಾಡು ಹುಟ್ಟುವುದಕ್ಕೇ ಬೀಸಲು ಕಾಳಿರಬೇಕಷ್ಟೆ.

ಆಧುನಿಕ ಕಥನ ಬೇರೆ ಹಾದಿ ಹಿಡಿಯಿತು. ಯು. ಆರ್. ಅನಂತಮೂರ್ತಿಯವರ ‘ಬರ’ ಕಥೆಯ ಕೇಂದ್ರದಲ್ಲಿರುವವನು ಬರಪೀಡಿತ ಜಿಲ್ಲೆಯ ಅಧಿಕಾರಿ. ಎಂ. ಎಸ್. ಸತ್ಯು ಅದನ್ನು ಚಲನಚಿತ್ರವಾಗಿಸಿದರು. ಗ್ಯಾಸೆಟಿಯರಿನಲ್ಲಿ ನಿರ್ಲಿಪ್ತವಾಗಿದ್ದ ಕಚೇರಿಯ ನೋಟ ಇಲ್ಲಿ ಅಪರಾಧಪ್ರಜ್ಞೆಯನ್ನು ಪಡೆಯಿತು. ಆದರೂ ಬರವನ್ನು ಕಾಣುವ ಕಣ್ಣು ಮೇಜಿನ ಆಚೆಯಿಂದ ಈಚೆಗೆ ಬಂದಿತೆನ್ನಲಾಗದು.

ಆ ಈಚೆಯ ನೋಟವೂ ಏಕರೂಪದ್ದಲ್ಲ. ಜೋರಾಪುರ ಪೇಟೆಯಂತಹ ನಗರದ ಹಳೆಯ ಪೇಟೆಗೆ ಬರವೆಂದರೆ ಧಾರಣೆಯ ಏರಿಕೆ. ಟಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಿಗೆ ಅದು ಒಣಗಿದ ಹೊಲ, ಮಾರಿದ ಎತ್ತು, ಗುಳೆ. 1972ರ ಬರವನ್ನು ಕಂಡವರು ಎರಡೂ ಕಡೆ ಇನ್ನೂ ಇದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಈ ಭಾಗದ ಕೆರೆಗಳಿಗೆ ಕೃಷ್ಣೆಯ ನೀರು ಬಂದ ಮೇಲೆ ಅವರ ಮಾತಿನ ಬರದ ಪದಗಳು ಮಕ್ಕಳಿಗೆ ಅಪರಿಚಿತವಾಗುತ್ತಿವೆ. ಅವರ ಹೇಳಿಕೆಗಳೊಂದಿಗೆ ಜೋಡಿಸಿ ಓದಬೇಕಾದ ಇನ್ನೊಂದು ಆಕರ ಕಂದಾಯ ಇಲಾಖೆಯ ಆಣೆವಾರಿ ಪಟ್ಟಿ. ಪೂರ್ಣ ಬೆಳೆಯನ್ನು ಒಂದು ರೂಪಾಯಿ ಎಂದಿಟ್ಟುಕೊಂಡು ಆ ವರ್ಷ ಎಷ್ಟು ಆಣೆಯಷ್ಟು ಬೆಳೆಯಿತೆಂದು ಊರೂರಿಗೂ ಬರೆದಿಡುತ್ತಿದ್ದ ಈ ಪಟ್ಟಿಗಳತ್ತ ಸಾಹಿತ್ಯ ಸಂಶೋಧಕರ ಗಮನ ಹೋದದ್ದು ಕಡಿಮೆ.