ಕಾಂತತೆಯೇ ಕೈಹಿಡಿದಾಗ

ಅತಿವಾಹಕಗಳಿಗೂ ಕಾಂತತೆಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದೇ ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಅದಕ್ಕೆ ಕಾರಣವೂ ಇತ್ತು. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ, ಯಾವ ತಡೆಯೂ ಇಲ್ಲದೆ ಹರಿಯುತ್ತವೆ. ಕಾಂತಗುಣದ ಪರಮಾಣು ಎದುರಾದರೆ ಆ ಜೋಡಿ ಮುರಿಯುತ್ತದೆ. ಲ್ಯಾಂಥನಮ್ ಲೋಹಕ್ಕೆ ಶೇಕಡಾ 1ರಷ್ಟು ಗ್ಯಾಡೊಲಿನಿಯಂ ಬೆರೆಸಿದರೆ ಸಾಕು, ಅದರ ಅತಿವಾಹಕತೆ ಹೆಚ್ಚೂಕಡಿಮೆ ಅಳಿದೇಹೋಗುತ್ತದೆ.

1979ರಲ್ಲಿ ಜರ್ಮನಿಯ ಫ್ರಾಂಕ್ ಸ್ಟೆಗ್ಲಿಶ್ ಮತ್ತು ಸಂಗಡಿಗರು ಈ ನಂಬಿಕೆಯ ಬುಡವನ್ನೇ ಅಲ್ಲಾಡಿಸಿದರು. ಅವರ ಕೈಲಿದ್ದದ್ದು ಒಂದು ಪಾಲು ಸೀರಿಯಂ, ಎರಡು ಪಾಲು ತಾಮ್ರ, ಎರಡು ಪಾಲು ಸಿಲಿಕಾನ್ ಪರಮಾಣುಗಳ ಸಂಯುಕ್ತ. ಅದರ ಹರಳಿನಲ್ಲಿ ಪ್ರತಿಯೊಂದು ಸೀರಿಯಂ ಪರಮಾಣುವೂ ಪುಟ್ಟ ಕಾಂತ. ಆದರೂ ಸುಮಾರು 0.5 ಕೆಲ್ವಿನ್‌ನಲ್ಲಿ ಅದು ಅತಿವಾಹಕವಾಯಿತು. ಸೀರಿಯಂ ತೆಗೆದು ಕಾಂತಗುಣವಿಲ್ಲದ ಲ್ಯಾಂಥನಮ್ ಇಟ್ಟರೆ ಅತಿವಾಹಕತೆಯೇ ಕಾಣಲಿಲ್ಲ!

ಈ ಹರಳನ್ನು ತಂಪಾಗಿಸುತ್ತ ಹೋದಂತೆ, ಓಡಾಡುವ ಎಲೆಕ್ಟ್ರಾನುಗಳು ಸೀರಿಯಂನ ಒಳಗಿನ ಎಲೆಕ್ಟ್ರಾನುಗಳೊಂದಿಗೆ ತೊಡಕಿಕೊಳ್ಳುತ್ತವೆ. ಕೆಸರುಗದ್ದೆಯಲ್ಲಿ ನಡೆಯುವವರ ಮೈತೂಕ ಹೆಚ್ಚುವುದಿಲ್ಲ, ಹೆಜ್ಜೆ ಭಾರವಾಗುತ್ತದೆ, ಇಲ್ಲಿಯೂ ಹಾಗೆಯೇ. ಎಲೆಕ್ಟ್ರಾನಿನ ದ್ರವ್ಯರಾಶಿ ನೂರಾರು ಪಟ್ಟು ಹೆಚ್ಚಿತೋ ಎಂಬಂತೆ ಅದರ ನಡಿಗೆ ನಿಧಾನವಾಗುತ್ತದೆ. ಇದರ ಗುರುತು ಸಿಗುವುದು ವಿಶಿಷ್ಟೋಷ್ಣದಲ್ಲಿ. ಎಲೆಕ್ಟ್ರಾನುಗಳು ಹೀರುವ ಶಾಖದ ಪಾಲು ಇಲ್ಲಿ ತಾಮ್ರದಲ್ಲಿರುವುದಕ್ಕಿಂತ ಸಾವಿರ ಪಟ್ಟಿನಷ್ಟು ಹೆಚ್ಚು.

ಅತಿವಾಹಕತೆ ಶುರುವಾಗುವ ಘಳಿಗೆಯಲ್ಲಿ ವಿಶಿಷ್ಟೋಷ್ಣ ತಟ್ಟನೆ ಏರಿತು, ಅದೂ ಆ ದೊಡ್ಡ ಪಾಲಿಗೆ ತಕ್ಕಷ್ಟೇ ದೊಡ್ಡದಾಗಿ. ಹಗುರ ಎಲೆಕ್ಟ್ರಾನುಗಳಷ್ಟೇ ಜೋಡಿಯಾಗಿದ್ದರೆ ಈ ಏರಿಕೆ ಕಣ್ಣಿಗೇ ಬೀಳುತ್ತಿರಲಿಲ್ಲ. ಭಾರದ ಎಲೆಕ್ಟ್ರಾನುಗಳೇ ಜೋಡಿ ಕಟ್ಟಿವೆ ಎಂಬುದಕ್ಕೆ ಅದೇ ಸಾಕ್ಷಿ.

ಎಲ್ಲರೂ ಕೂಡಲೇ ಒಪ್ಪಲಿಲ್ಲ. ತಾಮ್ರದ ಪ್ರಮಾಣ ಕೂದಲೆಳೆಯಷ್ಟು ಬದಲಾದರೂ ಈ ಸಂಯುಕ್ತದ ವರ್ತನೆ ಬದಲಾಗುತ್ತಿತ್ತು, ಹಾಗಾಗಿ ಅನುಮಾನ ಉಳಿಯಿತು. 1983ರಲ್ಲಿ ಯುರೇನಿಯಂ–ಬೆರಿಲಿಯಂ, 1984ರಲ್ಲಿ ಯುರೇನಿಯಂ–ಪ್ಲಾಟಿನಂ ಸಂಯುಕ್ತಗಳೂ ಇದೇ ಗುಣ ತೋರಿದ ಮೇಲೆ ಆ ಅನುಮಾನ ಕರಗಿತು. ಯುರೇನಿಯಂ–ಬೆರಿಲಿಯಂ ಸಂಯುಕ್ತದ ಅತಿವಾಹಕತೆ 1975ರಲ್ಲೇ ಕಂಡಿತ್ತು. ಒಳಗೆ ಉಳಿದ ಯುರೇನಿಯಂ ಎಳೆಗಳ ಕೆಲಸವೆಂದು ಆಗ ಅದನ್ನು ಬದಿಗಿಟ್ಟಿದ್ದರು. ಬಲವಾದ ನಂಬಿಕೆ ಕಣ್ಣೆದುರಿನ ಫಲಿತಾಂಶವನ್ನೂ ಮರೆಮಾಡಬಲ್ಲದು.

ಸಾಮಾನ್ಯ ಅತಿವಾಹಕಗಳಲ್ಲಿ ಎಲೆಕ್ಟ್ರಾನುಗಳನ್ನು ಬೆಸೆಯುವುದು ಹರಳಿನ ಕಂಪನ. ಇಲ್ಲಿ ಆ ಕೆಲಸವನ್ನು ಕಾಂತೀಯ ಏರಿಳಿತಗಳೇ ಮಾಡುತ್ತವೆ ಎಂಬುದು ಹೆಚ್ಚಿನ ತಜ್ಞರ ಅಭಿಪ್ರಾಯ. ಇಷ್ಟು ಕಡು ಚಳಿ ಬೇಡುವ ಲೋಹದಿಂದ ವಿದ್ಯುತ್ ತಂತಿ ಮಾಡಲಾಗದು, ನಿಜ. ಆದರೆ 2002ರಲ್ಲಿ ಪ್ಲುಟೋನಿಯಂ–ಕೋಬಾಲ್ಟ್–ಗ್ಯಾಲಿಯಂ ಸಂಯುಕ್ತವೊಂದು 18.5 ಕೆಲ್ವಿನ್‌ನಲ್ಲೇ ಅತಿವಾಹಕವಾಯಿತು. ಹೊಸ ಅತಿವಾಹಕ ಹುಡುಕುವವರು ಇಂದು ಕಾಂತತೆಯಿಂದ ದೂರ ಓಡುವುದಿಲ್ಲ. ಕಾಂತತೆ ಇನ್ನೇನು ಅಳಿಯಬೇಕು ಎನ್ನುವ ಅಂಚಿನಲ್ಲೇ ಹುಡುಕುತ್ತಾರೆ.