ಬಿಳಿಗಿರಿಯ ಪುಟ್ಟ ಪೊದೆಗಪ್ಪೆ

ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತುವವರು ಹುಲಿ, ಆನೆ ಕಾಣಲಿ ಎಂದು ಕಾಯುತ್ತಾರೆ. ಇಲ್ಲಿನ ಪೊದೆಗಳಲ್ಲಿ ಒಂದು ಪುಟ್ಟ ಕಪ್ಪೆಯೂ ಇದೆ. 2016ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ವಿವರಿಸಿದಾಗ, ಈ ಹುಲಿ ಮೀಸಲು ಕಾಡಿನಾಚೆ ಅದು ಎಲ್ಲೂ ಕಂಡಿರಲಿಲ್ಲ.

ಹೊಸದು ಅಂತ ಗೊತ್ತಾಗಿದ್ದು ಹೇಗೆ? ಚಾರಿಯಸ್, ಗ್ರೀಟ್ ಎಂಬ ಹತ್ತಿರದ ನೆಂಟರ ಪಕ್ಕ ಇಟ್ಟರೆ ಕಣ್ಣು ಸೋಲುತ್ತದೆ, ಅಷ್ಟು ಹೋಲಿಕೆ. ಮೈಯಳತೆ ಸಾಲಲಿಲ್ಲ. ಗಂಡುಕಪ್ಪೆಯ ಕೂಗನ್ನು ರೆಕಾರ್ಡ್ ಮಾಡಿ ಅಳೆದರು, ಡಿಎನ್‌ಎ ಹೋಲಿಸಿದರು. ಮೂರೂ ಸಾಕ್ಷಿ ಕೂಡಿದ ಮೇಲೆ ಹೆಸರಿಟ್ಟರು: ರಾವೋರ್ಕೆಸ್ಟಿಸ್ ಹೊನ್ನಮೇಟಿ. ಹೊನ್ನಮೇಟಿ ಇದೇ ಬೆಟ್ಟದ ಒಂದು ಜಾಗ. ‘ರಾವೋರ್ಕೆಸ್ಟಿಸ್’ ಎಂಬ ಕುಲದ ಹೆಸರಿನಲ್ಲಿರುವ ರಾವ್, ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾವ್, ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಎಂಥ ಗೌರವ!

ನನಗೆ ತುಂಬ ಅಚ್ಚರಿ ತಂದ ಸಂಗತಿ ಬೇರೆ. ಈ ಕುಲಕ್ಕೆ ಗೊದಮೊಟ್ಟೆಯ ಹಂತವೇ ಇಲ್ಲ. ಮರಿ ಮೊಟ್ಟೆಯೊಳಗೇ ಬೆಳೆದು ಕಪ್ಪೆಯಾಗಿಯೇ ಹೊರಬರುತ್ತದೆ. ಕೆರೆ ಬೇಡ, ತೇವ ಮಾತ್ರ ಬೇಕೇ ಬೇಕು.

ಕೊಳ್ಳೇಗಾಲ, ಹನೂರು, ಯಳಂದೂರಿನ ಗೆಳೆಯರೇ, ಇಂಥ ಪುಟ್ಟ ಕಪ್ಪೆ ಚಕ್ರಕ್ಕೆ ಸಿಗದಂತೆ ಮಳೆಗಾಲದಲ್ಲಿ ಬೆಟ್ಟದ ರಸ್ತೆಯಲ್ಲಿ ಗಾಡಿ ನಿಧಾನವಾಗಿ ಓಡಿಸಿ. ಕಾಡಿನಲ್ಲಿ ಪ್ಲಾಸ್ಟಿಕ್ ಬಿಸಾಡಬೇಡಿ.